ಮಗು ಬಾಯಿಬಿಟ್ಟಾಗ: ಊರಿನವರೂ ಠಾಣೆಯವರೂ ಮಾಡಬೇಕಾದ ಕೆಲಸ

"ಗುರುತಿಲ್ಲದವರು ಚಾಕಲೇಟ್ ಕೊಟ್ರೆ ತಗೋಬೇಡ" ಎಂದು ಮಕ್ಕಳಿಗೆ ಹೇಳಿಕೊಡದ ಮನೆಯಿಲ್ಲ. ಹೇಳಲಿ, ತಪ್ಪೇನಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳನ್ನು ತೆರೆದು ನೋಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಮೊದಲೇ ಗೊತ್ತಿದ್ದವನು. ನೆಂಟ, ಪಕ್ಕದ ಮನೆಯವನು, ಟ್ಯೂಷನ್ ಮೇಷ್ಟ್ರು, ವ್ಯಾನ್ ಡ್ರೈವರ್, ಕೆಲವು ಸಲ ಮನೆಯ ಯಜಮಾನನೇ. ಹೊರಗಿನ ಕಳ್ಳನಿಗೆ ಬೀಗ ಹಾಕುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಒಳಗಿನವನ ವಿಚಾರ ಬಂದಾಗ ಮಾತ್ರ "ಇರಲಿ ಬಿಡು, ಮನೆ ಮರ್ಯಾದೆ" ಎನ್ನುತ್ತೇವೆ.

ಕಾನೂನು ಸಾಕಷ್ಟಿದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಗು ಎಂದು ಪರಿಗಣಿಸುತ್ತದೆ, ಹುಡುಗನಾದರೂ ಹುಡುಗಿಯಾದರೂ. 2019ರ ತಿದ್ದುಪಡಿಯ ನಂತರ 16 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ ಜೈಲು. ಪ್ರಕರಣ ಕೆಡುವುದು ಶಿಕ್ಷೆ ಕಡಿಮೆ ಇರುವುದರಿಂದಲ್ಲ. ಮಗು ಮೊದಲು ಬಾಯಿಬಿಟ್ಟಾಗ ಎದುರಿಗಿದ್ದ ದೊಡ್ಡವರು ಏನು ಮಾಡಿದರು, ಅದಾದ ಒಂದೆರಡು ದಿನದಲ್ಲಿ ಠಾಣೆ ಹೇಗೆ ನಡೆದುಕೊಂಡಿತು ಎಂಬುದರಿಂದ. ಅದಕ್ಕೇ ಈ ಬರಹ ಪೋಷಕರು, ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಸಂಘದ ಹೆಂಗಸರು ಹಾಗೂ ಠಾಣೆಯ ಸಿಬ್ಬಂದಿಗೆ ಒಟ್ಟಿಗೇ ಬರೆದದ್ದು. ಉದಾಹರಣೆಗಳು ಕರ್ನಾಟಕದವು. ಕಾಯ್ದೆ ದೇಶಕ್ಕೆಲ್ಲ ಒಂದೇ.

1. ಏನೂ ಆಗದಿರುವಾಗಲೇ ಠಾಣೆಗೆ ಹೋಗಿ ಬನ್ನಿ

ಕಷ್ಟ ಬಂದ ದಿನ ಮೊದಲ ಸಲ ಠಾಣೆಯ ಮೆಟ್ಟಿಲು ಹತ್ತುವವರಿಗೆ ಯಾರನ್ನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ. ಅಲ್ಲೇ ಅರ್ಧ ಧೈರ್ಯ ಹೋಗಿರುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ನಿಮ್ಮ ಠಾಣೆಯಲ್ಲಿ ಅವರು ಯಾರು? ಬೋರ್ಡಿನಲ್ಲಿ ಹೆಸರು ಕಾಣದಿದ್ದರೆ ಕೇಳಿ. "ಅದ್ಯಾರೋ ಟ್ರಾನ್ಸ್‌ಫರ್ ಆದ್ರು" ಎಂಬ ಉತ್ತರ ಬಂದರೆ ಹೊಸಬರು ಯಾರೆಂದು ಕೇಳಿ, ಹೆಸರು ಬರೆದುಕೊಂಡೇ ಬನ್ನಿ.

ಜಿಲ್ಲಾ ಮಟ್ಟದಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಕೆಳಗೆ ವಿಶೇಷ ಮಕ್ಕಳ ಪೊಲೀಸ್ ಘಟಕ ಇರುತ್ತದೆ. ಅದರಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು ಇರಬೇಕು, ಅವರಲ್ಲೊಬ್ಬರು ಮಹಿಳೆ. ಇವರಿಗೆಲ್ಲ ಹೊರತಾಗಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಯನ್ನು ಎಲ್ಲರೂ ಸಿಡಬ್ಲ್ಯುಸಿ ಎಂದೇ ಕರೆಯುತ್ತಾರೆ. ಮಗು ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಇವರದು, ಪೊಲೀಸರದಲ್ಲ. ಇದರ ಬೆನ್ನಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುತ್ತದೆ.

ಕರ್ನಾಟಕದ ಪೊಲೀಸ್ ಇಲಾಖೆ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿತು. ನಿಮ್ಮ ಊರಿನ ಬೀಟ್ ಪೊಲೀಸ್ ಯಾರೆಂದು ಗೊತ್ತಿರಲಿ. ಅವರು ಬಂದಾಗ ಟೀ ಅಂಗಡಿಯಲ್ಲಿ ಮಾತಾಡಿಸಿ ಕಳಿಸಬೇಡಿ, ಶಾಲೆಗೂ ಅಂಗನವಾಡಿಗೂ ಕರೆದುಕೊಂಡು ಹೋಗಿ. ಮಕ್ಕಳನ್ನು ಠಾಣೆಗೆ ಕರೆಸಿ ತೋರಿಸುವ "ತೆರೆದ ಮನೆ" ಕಾರ್ಯಕ್ರಮವೂ ನಮ್ಮಲ್ಲಿದೆ. ಮುಖ್ಯ ಶಿಕ್ಷಕರು ಒಂದು ಪತ್ರ ಕೊಟ್ಟು ಕೇಳಬಹುದು. ಅಲ್ಲಿ ಬಂದೂಕು, ಲಾಕಪ್ ತೋರಿಸಿ ಕಳಿಸಿದರೆ ಮಕ್ಕಳಿಗೆ ಮಜಾ, ನಿಜ. ಮಹಿಳಾ ಸಿಬ್ಬಂದಿಯೊಬ್ಬರು ಹತ್ತು ನಿಮಿಷ ನೆಲದ ಮೇಲೆ ಕೂತು ಮಾತಾಡಿದರೆ ಅದು ಬಂದೂಕಿಗಿಂತ ಹೆಚ್ಚು ದಿನ ನೆನಪಿರುತ್ತದೆ.

ಇನ್ನು ನಂಬರುಗಳು. ಮಕ್ಕಳ ಸಹಾಯವಾಣಿ 1098, ತುರ್ತು ಪೊಲೀಸ್ 112, ಉಚಿತ ಕಾನೂನು ನೆರವಿಗೆ 15100. ಮೂರನ್ನೂ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ. ಮುಖ್ಯ ಶಿಕ್ಷಕರ ಕೊಠಡಿಯೊಳಗೆ ಬರೆಸಿದರೆ ಪ್ರಯೋಜನವಿಲ್ಲ. ಆ ಕೊಠಡಿಗೆ ಮಕ್ಕಳು ತಾವಾಗಿ ಹೋಗುವುದಿಲ್ಲ.

2. ಊರಿನ ನಕ್ಷೆಯನ್ನು ಮಕ್ಕಳಿಂದಲೇ ಬರೆಸಿ

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯಬೇಕು. ಅದು ಭಾಷಣ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುವುದೇ ಹೆಚ್ಚು. ಈ ಸಲ ಒಂದು ಕೆಲಸ ಮಾಡಿ. ಮಕ್ಕಳಿಗೆ ದೊಡ್ಡ ಹಾಳೆ ಕೊಟ್ಟು ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಲು ಹೇಳಿ. ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಲಿ. ದೊಡ್ಡವರು ಪಾಳುಮನೆ, ಕೆರೆ ಏರಿ ಎಂದುಕೊಂಡಿರುತ್ತೇವೆ. ಮಕ್ಕಳ ಕೆಂಪು ಬಣ್ಣ ಶಾಲೆಯ ಶೌಚಾಲಯದ ಹಿಂದೆ, ಒಂದು ಅಂಗಡಿಯ ಮುಂದೆ, ಬಸ್ಸಿನ ಹಿಂದಿನ ಸೀಟಿನ ಮೇಲೆ ಬೀಳಬಹುದು. ಯಾಕೆ ಎಂದು ಎಲ್ಲರೆದುರು ಕೇಳಬೇಡಿ. ಹಾಳೆ ತೆಗೆದಿಟ್ಟುಕೊಂಡು, ಮಕ್ಕಳು ನಂಬುವ ಒಬ್ಬ ಶಿಕ್ಷಕಿ ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಲಿ.

ಪಂಚಾಯಿತಿಯ ಕಡತದಲ್ಲಿ ಕಾವಲು ಸಮಿತಿ, ಮಕ್ಕಳ ರಕ್ಷಣಾ ಸಮಿತಿ ಎಂಬ ಹೆಸರುಗಳು ಇರುತ್ತವೆ. ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿ ಎಲ್ಲಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳುವುದಕ್ಕೆ ನೀವು ಸದಸ್ಯರೇ ಆಗಿರಬೇಕಿಲ್ಲ. ಆ ಸಭೆಗೆ ಬೀಟ್ ಪೊಲೀಸರನ್ನೂ ಕರೆಯಿರಿ, ನಕ್ಷೆಯನ್ನು ಮುಂದಿಡಿ. ಬೀದಿದೀಪ, ಶೌಚಾಲಯದ ಬಾಗಿಲ ಚಿಲಕ, ಬಸ್ ಬರುವ ಹೊತ್ತಿಗೆ ಒಂದು ಸುತ್ತು ಗಸ್ತು, ಇವು ದುಡ್ಡಿಲ್ಲದೆಯೋ ಅಲ್ಪ ದುಡ್ಡಿನಲ್ಲೋ ಆಗುವ ಕೆಲಸಗಳು.

ಶಾಲೆ, ಹಾಸ್ಟೆಲ್, ಕ್ರೀಡಾ ತರಬೇತಿ ಕೇಂದ್ರಗಳು ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಫೀಸು ಕಟ್ಟುವಾಗ ವ್ಯಾನ್ ಡ್ರೈವರ್ ಮತ್ತು ಕ್ಲೀನರ್ ಪರಿಶೀಲನೆ ಆಗಿದೆಯೇ ಎಂದು ಕೇಳಿ. ಒಬ್ಬರು ಕೇಳಿದರೆ ಕಿರಿಕ್ ಎನ್ನುತ್ತಾರೆ. ಹತ್ತು ಪೋಷಕರು ಸೇರಿ ಕೇಳಿದರೆ ಫೈಲು ತೆರೆಯುತ್ತಾರೆ.

3. ಮಗುವಿಗೆ ಹೇಳಿಕೊಳ್ಳಲು ಮಾತು ಕೊಡಿ

ಇದರ ಬಗ್ಗೆ ಎಲ್ಲೆಡೆ ಬರೆದಿದ್ದಾರೆ, ಹಾಗಾಗಿ ಚಿಕ್ಕದಾಗಿ. ದೇಹದ ಎಲ್ಲ ಭಾಗಕ್ಕೂ ಹೆಸರು ಹೇಳಿಕೊಡಿ. ಹೆಸರೇ ಗೊತ್ತಿಲ್ಲದ ಮಗು ಏನಾಯಿತೆಂದು ಹೇಗೆ ಹೇಳಬೇಕು? "ಯಾರಿಗೂ ಹೇಳ್ಬೇಡ ಅಂತ ಯಾರಾದ್ರೂ ಅಂದ್ರೆ, ಅದನ್ನೇ ಮೊದಲು ನನಗೆ ಹೇಳು" ಎಂಬ ಒಂದು ಮಾತನ್ನು ಮೂರು ವರ್ಷದಿಂದಲೇ ರೂಢಿ ಮಾಡಿಸಿ. ಹಬ್ಬಕ್ಕೆ ಬಂದ ನೆಂಟರಿಗೆ "ಮಾಮನಿಗೆ ಮುತ್ತು ಕೊಡು" ಎಂದು ಬಲವಂತ ಮಾಡಬೇಡಿ. ಮಗು ಒಲ್ಲೆ ಎಂದರೆ ಕೈ ಮುಗಿದರೆ ಸಾಕು.

ಗಂಡುಮಕ್ಕಳಿಗೂ ಇದನ್ನೆಲ್ಲ ಹೇಳಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಹುಡುಗರ ಪಾಲು ಹುಡುಗಿಯರಿಗಿಂತ ಕಡಿಮೆ ಇರಲಿಲ್ಲ. "ಗಂಡು ಹುಡುಗ ಅಳ್ತಾನಾ" ಎಂದು ಬೆಳೆಸಿದ ಮಗ ಅಳಬೇಕಾದ ದಿನವೂ ಅಳುವುದಿಲ್ಲ.

4. ಬದಲಾವಣೆ ಕಂಡರೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ

ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುವುದು, ಒಬ್ಬ ವ್ಯಕ್ತಿಯ ಮನೆಗೆ ಹೋಗಲು ಹಟ ಹಿಡಿದು ಒಲ್ಲೆ ಎನ್ನುವುದು, ಮೂತ್ರ ಮಾಡುವಾಗ ಉರಿ, ಓದಿನಲ್ಲಿ ಹಿಂದೆ ಬೀಳುವುದು, ಎಲ್ಲಿಂದಲೋ ಬಂದ ಹೊಸ ಫೋನು ಅಥವಾ ದುಡ್ಡು, ವಯಸ್ಸಿಗೆ ಮೀರಿದ ಮಾತು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಎರಡು ಮೂರು ಒಟ್ಟಿಗೆ ಕಂಡರೆ ಮಗುವಿನ ಜೊತೆ ಹೊತ್ತು ಕಳೆಯಿರಿ, ಶಿಕ್ಷಕಿಯನ್ನು ಮಾತಾಡಿಸಿ. ಏನೂ ಕಾಣಿಸದೆಯೂ ದೌರ್ಜನ್ಯ ನಡೆದಿರಬಹುದು. ಆದ್ದರಿಂದ ಈ ಪಟ್ಟಿಯನ್ನು ಪರೀಕ್ಷೆಯ ಉತ್ತರಪತ್ರಿಕೆ ಎಂದುಕೊಳ್ಳಬೇಡಿ.

5. ಮಗು ಹೇಳಿದಾಗ: ಕೇಳಿ, ವಿಚಾರಣೆ ಮಾಡಬೇಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಮಗು ಒಂದೇ ಸಲಕ್ಕೆ ಎಲ್ಲ ಹೇಳುವುದಿಲ್ಲ. "ನಾನು ಟ್ಯೂಷನ್‌ಗೆ ಹೋಗಲ್ಲ" ಎಂದು ಶುರು ಮಾಡುತ್ತದೆ. ನಿಮ್ಮ ಮುಖ ನೋಡುತ್ತದೆ. ಮುಖ ಶಾಂತವಾಗಿದ್ದರೆ ಇನ್ನೊಂದು ಮಾತು ಹೇಳುತ್ತದೆ. ನೀವು ಕೂಗಿದರೆ, ಎದೆ ಬಡಿದುಕೊಂಡರೆ, "ನೀನ್ಯಾಕೆ ಅಲ್ಲಿಗೆ ಹೋದೆ" ಎಂದರೆ ಬಾಗಿಲು ಮುಚ್ಚಿತು. ಮಾರನೇ ದಿನ "ಏನೂ ಆಗಿಲ್ಲ, ಸುಮ್ನೆ ಹೇಳ್ದೆ" ಎನ್ನುತ್ತದೆ. ಆಗ ದೊಡ್ಡವರಿಗೆ ನಿರಾಳವಾಗುತ್ತದೆ. ಅದೇ ಅಪಾಯ.

ಹೇಳಬೇಕಾದ ಮಾತುಗಳು ಮೂರೇ. "ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟ." "ನಾನು ನಂಬ್ತೀನಿ." "ನಿಂದೇನೂ ತಪ್ಪಿಲ್ಲ." ಆಮೇಲೆ ಬೇಕಿದ್ದರೆ "ಆಮೇಲೆ ಏನಾಯ್ತು?" ಎಂದು ಕೇಳಿ. "ಅವನು ಇಲ್ಲಿ ಮುಟ್ಟಿದ್ನಾ? ಹೀಗೆ ಮಾಡಿದ್ನಾ?" ಎಂದು ನೀವೇ ಉತ್ತರ ಬಾಯಿಗಿಟ್ಟು ಕೇಳಬೇಡಿ. ನಾಳೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಇದನ್ನೇ: "ಹೇಳಿಕೊಟ್ಟದ್ದು" ಎಂದು.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಎಂದು ಮಗು ಕೇಳಿದರೆ ಆಣೆ ಮಾಡಬೇಡಿ. "ನಿನ್ನನ್ನ ಕಾಪಾಡಲಿಕ್ಕೆ ಯಾರಿಗೆ ಹೇಳ್ಬೇಕೋ ಅವರಿಗೆ ಮಾತ್ರ ಹೇಳ್ತೀನಿ" ಎನ್ನಿ. ಮಗುವನ್ನು ಅಜ್ಜಿಗೆ, ಅತ್ತೆಗೆ, ಮೇಡಂಗೆ, ಅಧ್ಯಕ್ಷರಿಗೆ ಎಂದು ಮನೆ ಮನೆಗೆ ಕರೆದೊಯ್ದು ಅದೇ ಕಥೆ ಹೇಳಿಸಬೇಡಿ. ಫೋನಿನಲ್ಲಿ ವಿಡಿಯೊ ಮಾಡಿಸಬೇಡಿ. ಮಗು ಯಾವ ಪದ ಬಳಸಿತೋ ಅದೇ ಪದದಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ ಹಾಳೆಯ ಮೇಲೆ ಬರೆದಿಡಿ. ಅಷ್ಟು ಸಾಕು.

ಆರೋಪಿಯನ್ನು ನೀವೇ ಹೋಗಿ ಹಿಡಿಯುವುದು, ಹೊಡೆಯುವುದು ಬೇಡ. ಸಿಟ್ಟು ಸಹಜ. ಆದರೆ ಅವನಿಗೆ ಸುಳಿವು ಸಿಕ್ಕರೆ ಮೊದಲು ಅಳಿಸುವುದು ಫೋನಿನಲ್ಲಿರುವುದನ್ನು, ಆಮೇಲೆ ಬೆದರಿಸುವುದು ಮಗುವನ್ನು.

6. ರಾಜಿ ಪಂಚಾಯ್ತಿಗೆ ಕೂರಬೇಡಿ

ಊರಿನಲ್ಲಿ ಇಂಥ ಸುದ್ದಿ ಹೊರಬಿದ್ದ ಸಂಜೆಯೇ ಹಿರಿಯರು ಸೇರುತ್ತಾರೆ. ಒಂದಷ್ಟು ದುಡ್ಡು ದಂಡ, ಕಾಲಿಗೆ ಬೀಳಿಸಿ ಕ್ಷಮೆ, ಹುಡುಗಿ ಸ್ವಲ್ಪ ದೊಡ್ಡವಳಿದ್ದರೆ "ಅವನಿಗೇ ಕೊಟ್ಟು ಮದುವೆ ಮಾಡಿಬಿಡಿ". ಸಂಸ್ಥೆಗಳಲ್ಲೂ ಇದೇ, ಬಟ್ಟೆ ಮಾತ್ರ ಬೇರೆ. "ಆಂತರಿಕ ವಿಚಾರಣೆ ಮಾಡ್ತಿದ್ದೀವಿ, ಅವರನ್ನ ಬೇರೆ ಬ್ರಾಂಚಿಗೆ ಹಾಕಿದ್ದೀವಿ."

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಪೋಕ್ಸೊ ಅಪರಾಧ ಊರ ಹಿರಿಯರು ರಾಜಿ ಮಾಡಿ ಮುಗಿಸುವಂಥದ್ದಲ್ಲ. ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಎಂದು 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ತಿಳಿಸುವ ಈ ಹೊಣೆ ಮಕ್ಕಳ ಮೇಲೆ ಇಲ್ಲ. ಮಧ್ಯಸ್ಥಿಕೆಗೆ ನಿಮ್ಮನ್ನು ಕರೆದರೆ ಈ ಎರಡು ಕಲಂ ಸಂಖ್ಯೆಗಳನ್ನು ಮೆಲ್ಲಗೆ ಹೇಳಿ ನೋಡಿ. ಎಷ್ಟೋ ಜನ ಚಪ್ಪಲಿ ಹುಡುಕುತ್ತಾರೆ.

ಮದುವೆಯ ಮಾತು ಬಂದರೆ, ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹೆಂಡತಿಯಾದರೂ 18 ತುಂಬದಿದ್ದರೆ ಆಕೆಯ ಜೊತೆಗಿನ ಲೈಂಗಿಕ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮದುವೆಯಿಂದ ಕೇಸು ಮುಗಿಯುವುದಿಲ್ಲ. ಇನ್ನೊಂದು ಕೇಸು ಸೇರಿಕೊಳ್ಳುತ್ತದೆ.

"ನಾವು ಹೇಳಿದ್ದು ಸುಳ್ಳು ಅಂತಾದ್ರೆ?" ಎಂಬ ಭಯ ಎಲ್ಲರಿಗೂ ಇದೆ. ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಎಂದು ಅದೇ 19ನೇ ಕಲಮಿನಲ್ಲಿದೆ. ಬೇಕೆಂದೇ ಸುಳ್ಳು ಹೇಳಿದವರಿಗೆ ಮಾತ್ರ ಶಿಕ್ಷೆ, ಅದೂ ಮಕ್ಕಳಿಗೆ ಅನ್ವಯಿಸುವುದಿಲ್ಲ. ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ.

ಒಂದು ಇಕ್ಕಟ್ಟನ್ನು ಮುಚ್ಚಿಡುವುದು ಸರಿಯಲ್ಲ. ಹದಿನಾರು ಹದಿನೇಳರ ಹುಡುಗ ಹುಡುಗಿ ಇಷ್ಟಪಟ್ಟು ಓಡಿಹೋದರೂ ಇದೇ ಕಾಯ್ದೆ. 18ರೊಳಗಿನ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಜಾತಿ ಬೇರೆ ಎಂಬ ಸಿಟ್ಟಿಗೆ ಈ ಕಾಯ್ದೆಯನ್ನು ದೊಣ್ಣೆ ಮಾಡಿಕೊಳ್ಳುವವರೂ ಇದ್ದಾರೆ. ಕೇಸಿನ ಭಯಕ್ಕೆ ಗರ್ಭಿಣಿ ಹುಡುಗಿಯರು ಆಸ್ಪತ್ರೆಗೆ ಹೋಗದೆ ನಾಟಿ ಔಷಧಿಗೆ ಬೀಳುವುದು ಅದಕ್ಕಿಂತ ಕೆಟ್ಟದ್ದು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಆಕೆಯ ಹೆಸರು, ಗುರುತು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆಶಾ ಕಾರ್ಯಕರ್ತೆಯರಿಗೆ ಇದು ತಿಳಿದಿರಲಿ.

7. ದೂರು ಕೊಡುವುದು

ಠಾಣೆಗೇ ಹೋಗಬೇಕಿಲ್ಲ. 1098ಕ್ಕೋ 112ಕ್ಕೋ ಕರೆ ಮಾಡಿದರೂ ಆಯಿತು. ದೂರು ಕೊಡುವವರು ಅಪ್ಪ ಅಮ್ಮನೇ ಆಗಬೇಕಿಲ್ಲ. ಶಿಕ್ಷಕಿ, ನೆರೆಯವರು, ಮಗು ತಾನೇ ಕೂಡ ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದರೆ ಪೊಲೀಸರು ಬರೆದುಕೊಂಡು, ಓದಿ ಹೇಳಿ, ನಮೂದಿನ ಸಂಖ್ಯೆ ಹಾಕಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಶೂನ್ಯ ಎಫ್‌ಐಆರ್ ದಾಖಲಿಸಬೇಕು. "ನಮ್ಮ ಲಿಮಿಟ್ಸ್ ಅಲ್ಲ" ಎಂಬುದು ಉತ್ತರವಲ್ಲ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರು ತೆಗೆದುಕೊಂಡ ಅಧಿಕಾರಿ ತನ್ನ ಹೆಸರು, ಹುದ್ದೆ, ಫೋನ್ ನಂಬರನ್ನೂ ತನ್ನ ಮೇಲಧಿಕಾರಿಯ ವಿವರವನ್ನೂ ನಿಮಗೆ ಕೊಡಬೇಕು ಎಂದು 2020ರ ನಿಯಮಗಳಲ್ಲಿದೆ. ಇದನ್ನು ಕೇಳುವವರು ಕಡಿಮೆ, ಹಾಗಾಗಿ ಕೊಡುವವರೂ ಕಡಿಮೆ.

ದೂರು ತೆಗೆದುಕೊಳ್ಳಲಿಲ್ಲವೇ? ದೂರನ್ನು ದಾಖಲಿಸದಿರುವುದೂ 21ನೇ ಕಲಮಿನಡಿ ಅಪರಾಧ, ಅದು ಪೊಲೀಸರಿಗೂ ಅನ್ವಯಿಸುತ್ತದೆ. ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸಿಡಬ್ಲ್ಯುಸಿಗೆ ತಿಳಿಸಿ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ.

ವಯಸ್ಸಿನ ದಾಖಲೆ ಜೊತೆಗಿದ್ದರೆ ಮುಂದೆ ಓಡಾಟ ತಪ್ಪುತ್ತದೆ. ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಮೂಳೆ ಪರೀಕ್ಷೆ ಇವೆರಡೂ ಇಲ್ಲದಾಗ ಮಾತ್ರ.

8. ಆಸ್ಪತ್ರೆ ತಡವಾಗಬಾರದು

ಘಟನೆ ಇತ್ತೀಚಿನದಾದರೆ ಮಗುವಿಗೆ ಸ್ನಾನ ಮಾಡಿಸುವ ಮೊದಲೇ ಆಸ್ಪತ್ರೆಗೆ ಹೋಗಿ. ತಾಯಿಯ ಕೈ ಮೊದಲು ಹೋಗುವುದು ಬಿಸಿನೀರಿನ ಕಡೆಗೇ, ಅದು ಅರ್ಥವಾಗುವ ಮಾತು. ಆದರೂ ತಡೆಯಿರಿ. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಬೇಡ, ಕಾಗದದ ಕವರಿನಲ್ಲಿ ಹಾಕಿಡಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅದಕ್ಕಿಂತ ತಡವಾಗಿದ್ದರೂ ಹೋಗಿ, ಗಾಯ ಮತ್ತು ಸೋಂಕಿಗೆ ಚಿಕಿತ್ಸೆ ಬೇಕೇ ಬೇಕು.

ಎಫ್‌ಐಆರ್ ಇಲ್ಲದಿದ್ದರೂ ಪರೀಕ್ಷೆ, ಚಿಕಿತ್ಸೆ ಮಾಡಬೇಕು. "ಮೊದಲು ಪೊಲೀಸ್ ಲೆಟರ್ ತನ್ನಿ" ಎನ್ನುವಂತಿಲ್ಲ. ಖಾಸಗಿ ಆಸ್ಪತ್ರೆಯೂ ದುಡ್ಡು ಕೇಳುವಂತಿಲ್ಲ. ಹುಡುಗಿಯಾದರೆ ಮಹಿಳಾ ವೈದ್ಯರೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ಜನನಾಂಗದೊಳಗೆ ಬೆರಳಿಟ್ಟು ನೋಡುವ "ಎರಡು ಬೆರಳಿನ ಪರೀಕ್ಷೆ" ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾರಾದರೂ ಅದಕ್ಕೆ ಮುಂದಾದರೆ ಬೇಡ ಎನ್ನಿ.

9. ಠಾಣೆಯವರಿಗೆ ಕೆಲವು ಮಾತು

ಕಾಯ್ದೆಯ 24ನೇ ಕಲಂ ನಿಮಗೆ ಗೊತ್ತೇ ಇದೆ: ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟೂ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಹೇಳಿಕೆ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪಾಲನೆಯಲ್ಲಿ ತಪ್ಪುವುದು ಸಣ್ಣ ವಿಷಯಗಳು. ಮಫ್ತಿಯಲ್ಲಿ ಹೋಗುತ್ತಾರೆ, ಆದರೆ ಜೀಪು ಮನೆ ಮುಂದೆಯೇ ನಿಲ್ಲುತ್ತದೆ. ಬೀದಿಗೆಲ್ಲ ಗೊತ್ತಾಗಲು ಅಷ್ಟು ಸಾಕು. ಗಾಡಿ ದೂರ ನಿಲ್ಲಿಸಿ, ನಡೆದು ಹೋಗಿ. ಸ್ಥಳ ಮಹಜರಿಗೆ ಮಗುವನ್ನು ಕರೆದೊಯ್ಯುವಾಗ ಜನ ಸೇರದ ಹೊತ್ತು ನೋಡಿ. ಆರೋಪಿಯನ್ನು ಅದೇ ಹೊತ್ತಿಗೆ ಠಾಣೆಗೆ ಕರೆಸಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರಿಸುವ ಸಂದರ್ಭ ತಂದುಕೊಳ್ಳಬೇಡಿ.

ರೈಟರ್ ಒಮ್ಮೆ, ಪಿಎಸ್‌ಐ ಒಮ್ಮೆ, ಇನ್‌ಸ್ಪೆಕ್ಟರ್ ಒಮ್ಮೆ, ಡಿವೈಎಸ್‌ಪಿ ಬಂದಾಗ ಮತ್ತೊಮ್ಮೆ ಕೇಳಿದರೆ ನಾಲ್ಕು ಹೇಳಿಕೆಯಲ್ಲಿ ನಾಲ್ಕು ವ್ಯತ್ಯಾಸ ಬರುತ್ತದೆ. ಒಬ್ಬರೇ ಕೇಳಿ, ಆಡಿಯೊ ವಿಡಿಯೊ ದಾಖಲೆ ಮಾಡಿ. ಮಾತು ಬಾರದ, ಕಿವಿ ಕೇಳದ, ಬುದ್ಧಿಮಾಂದ್ಯ ಮಕ್ಕಳಿಗೆ ವಿಶೇಷ ಶಿಕ್ಷಕರನ್ನು ಕರೆಸಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಕನ್ನಡ ಬಾರದ ಮಕ್ಕಳಿದ್ದಾರೆ. ಅಸ್ಸಾಮಿ, ಬಂಗಾಳಿ, ಹಿಂದಿ ಬಲ್ಲ ಅನುವಾದಕರ ಪಟ್ಟಿ ಮೊದಲೇ ಇರಲಿ. ಮೇಸ್ತ್ರಿಯನ್ನೇ ಅನುವಾದಕ್ಕೆ ಕೂರಿಸಬೇಡಿ. ಕೆಲವೊಮ್ಮೆ ಮಗು ಹೆದರುತ್ತಿರುವುದು ಅವನಿಗೇ.

24 ಗಂಟೆಯೊಳಗೆ ಸಿಡಬ್ಲ್ಯುಸಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಹೋಗಬೇಕು. ಅತ್ಯಾಚಾರದಂಥ ಪ್ರಕರಣದ ತನಿಖೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಎರಡು ತಿಂಗಳಲ್ಲಿ ಮುಗಿಯಬೇಕು.

10. ಆರೋಪಿ ಮನೆಯೊಳಗೇ ಇದ್ದರೆ

ಆಗ ಮಗುವನ್ನು ಅದೇ ಮನೆಗೆ ವಾಪಸ್ ಕಳಿಸುವುದು ತಪ್ಪು. ಹಾಗೆಂದು ತಕ್ಷಣ ಬಾಲಮಂದಿರಕ್ಕೆ ಸೇರಿಸುವುದೂ ಎಲ್ಲ ಸಲ ಸರಿಯಲ್ಲ. ಮಾಡಿದವನು ಮನೆಯಲ್ಲಿ, ಹೇಳಿದ ಮಗು ಹೊರಗೆ ಎಂದಾಗ ಮಗುವಿಗೆ ತಾನೇ ಶಿಕ್ಷೆ ಅನುಭವಿಸಿದಂತಾಗುತ್ತದೆ. ಸಿಡಬ್ಲ್ಯುಸಿ ಮೂರು ದಿನದಲ್ಲಿ ಇದನ್ನು ತೀರ್ಮಾನಿಸಬೇಕು. ಅಜ್ಜಿ ಮನೆ, ದೊಡ್ಡಮ್ಮನ ಮನೆ, ಎಲ್ಲಿ ಮಗು ನಿಶ್ಚಿಂತೆಯಿಂದ ಇರುತ್ತದೆ ಎಂದು ಊರಿನವರು ಸಮಿತಿಗೆ ಹೇಳಬಹುದು. ದುಡಿಯುವವನೇ ಜೈಲಿಗೆ ಹೋದ ಮನೆಯಲ್ಲಿ ತಾಯಿ ದೂರು ವಾಪಸ್ ಪಡೆಯಲು ಯೋಚಿಸುವುದು ಅಕ್ಕಿಗಾಗಿ, ಬಾಡಿಗೆಗಾಗಿ. ಆಹಾರ, ಬಟ್ಟೆ, ಓಡಾಟದಂಥ ತುರ್ತು ಅಗತ್ಯಕ್ಕೆ ಸಿಡಬ್ಲ್ಯುಸಿ ವಿಶೇಷ ಪರಿಹಾರಕ್ಕೆ ಶಿಫಾರಸು ಮಾಡಬಹುದು, ಅದು ಒಂದು ವಾರದಲ್ಲಿ ಕೈಗೆ ಬರಬೇಕು. ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಿಸಬಹುದು. ಅದಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. ಸಂಘದ ಹೆಂಗಸರು ಈ ಅರ್ಜಿಗಳ ಬೆನ್ನು ಹತ್ತಿದರೆ ಅದು ಸಾಂತ್ವನದ ಮಾತಿಗಿಂತ ದೊಡ್ಡ ಉಪಕಾರ.

11. ಹೆಸರು ಹೊರಗೆ ಹೋಗಬಾರದು

ಮಗುವಿನ ಹೆಸರು, ಫೋಟೊ, ವಿಳಾಸ, ಶಾಲೆ, ಮನೆಯವರ ವಿವರ, ಊರಿನ ಗುರುತು ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗ ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಆಗಬಹುದು. "ನ್ಯಾಯ ಸಿಗಲಿ" ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಮಗುವಿನ ಫೋಟೊ ಹಾಕುವವರು ಒಳ್ಳೆಯವರೇ ಇರಬಹುದು. ಆ ಮಗು ಮುಂದೆ ಅದೇ ಊರಿನಲ್ಲಿ ಬಾಳಬೇಕು ಎಂಬುದನ್ನು ಮರೆತಿರುತ್ತಾರೆ.

ಮಗುವಿನ ಅಶ್ಲೀಲ ಚಿತ್ರವೋ ವಿಡಿಯೊವೋ ಗುಂಪಿನಲ್ಲಿ ಬಂದರೆ ಯಾರಿಗೂ ಕಳಿಸಬೇಡಿ, ಪೊಲೀಸರಿಗೆ "ಸಾಕ್ಷಿ" ಎಂದು ಫಾರ್ವರ್ಡ್ ಕೂಡ ಬೇಡ. ಕಳಿಸಿದ ನಂಬರು, ಗುಂಪಿನ ಹೆಸರು, ಸಮಯ ಬರೆದುಕೊಂಡು ಠಾಣೆಗೆ ತಿಳಿಸಿ. ಕೇಂದ್ರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಇಂಥದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹದಿಹರೆಯದವರು ತಮ್ಮದೇ ಚಿತ್ರ ಹಂಚಿಕೆಯಾಗಿ ಬೆದರಿಕೆಗೆ ಸಿಕ್ಕಿದ್ದರೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಅಪ್‌ಲೋಡ್ ಮಾಡದೆಯೇ ಅದರ ಡಿಜಿಟಲ್ ಗುರುತನ್ನು ಮಾತ್ರ ಕಳಿಸಿ, ಸೇವೆಯಲ್ಲಿ ಭಾಗಿಯಾದ ಜಾಲತಾಣಗಳಿಂದ ತೆಗೆಸಲು ಅದು ನೆರವಾಗುತ್ತದೆ. ಬೆದರಿಸುವವನಿಗೆ ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ.

12. ಕೋರ್ಟಿನವರೆಗೂ ಜೊತೆಗಿರಿ

ಮೊದಲ ವಾರ ಊರೆಲ್ಲ ಜೊತೆಗಿರುತ್ತದೆ. ಸಮನ್ಸ್ ಬರುವ ಹೊತ್ತಿಗೆ ತಾಯಿಯೂ ಮಗುವೂ ಇಬ್ಬರೇ ಬಸ್ಸಿಗೆ ಕಾಯುತ್ತಿರುತ್ತಾರೆ. ಸಿಡಬ್ಲ್ಯುಸಿ ಮೂಲಕ ಬೆಂಬಲ ವ್ಯಕ್ತಿಯೊಬ್ಬರನ್ನು ನೇಮಿಸಲು ಕೇಳಿ. ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆ ಇರುವುದೇ ಅವರ ಕೆಲಸ. ಸ್ವಂತ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ.

ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ಪರದೆಯೋ ವಿಡಿಯೊ ವ್ಯವಸ್ಥೆಯೋ ಇರಬೇಕು. ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ಮಗುವಿಗೆ ಕೇಳುತ್ತಾರೆ. ನಡುನಡುವೆ ವಿರಾಮ ಕೇಳಬಹುದು. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಎಂದಿದೆ ಕಾಯ್ದೆ. ವಾಸ್ತವದಲ್ಲಿ ಹಲವು ಪ್ರಕರಣಗಳು ಎಳೆಯುತ್ತವೆ, ಅಷ್ಟರಲ್ಲಿ ಮಗು ತರಗತಿ ದಾಟಿರುತ್ತದೆ, ನೆನಪು ಮಸುಕಾಗಿರುತ್ತದೆ. ಆದ್ದರಿಂದ ಹಿಂದಿನ ದಿನ ಸರ್ಕಾರಿ ಅಭಿಯೋಜಕರನ್ನು ಕಂಡು ಬರುವುದು, ಮಗುವಿಗೆ ಕೋರ್ಟ್ ಹಾಲ್ ಖಾಲಿ ಇರುವಾಗ ಒಮ್ಮೆ ತೋರಿಸುವುದು ಒಳ್ಳೆಯದು. ಏನು ಹೇಳಬೇಕೆಂದು ಕಲಿಸಬೇಡಿ. ಎಲ್ಲಿ ಕೂರಬೇಕು, ಯಾರು ಕೇಳುತ್ತಾರೆ ಎಂದಷ್ಟೇ ತಿಳಿಸಿ. "ಗೊತ್ತಿಲ್ಲ, ನೆನಪಿಲ್ಲ ಅನ್ನೋದೂ ಉತ್ತರವೇ" ಎಂದು ಹೇಳಿ.

ಹೋಗುವಾಗ ನೀರು, ತಿಂಡಿ, ಮಗುವಿಗೆ ಇಷ್ಟದ ಒಂದು ಪುಸ್ತಕವೋ ಆಟಿಕೆಯೋ ಇರಲಿ. ಕಾಯುವುದು ಬಹಳ ಇರುತ್ತದೆ. ಆರೋಪಿಯ ಕಡೆಯವರು ಕಾರಿಡಾರಿನಲ್ಲಿ ಮಾತಿಗೆ ಬಂದರೆ ಅಲ್ಲೇ ಇರುವ ಕೋರ್ಟ್ ಪೊಲೀಸರಿಗೆ ಹೇಳಿ, ಆ ದಿನವೇ ನ್ಯಾಯಾಧೀಶರ ಗಮನಕ್ಕೆ ತರಲು ಅಭಿಯೋಜಕರನ್ನು ಕೇಳಿ. ಶಾಲೆಗೆ ಅಂದಿನ ರಜೆಗೆ "ಮನೆ ಕೆಲಸ" ಎಂದು ಬರೆದರೆ ಸಾಕು, ಕಾರಣ ಹಾಜರಿ ಪುಸ್ತಕಕ್ಕೆ ಹೋಗುವ ಅಗತ್ಯವಿಲ್ಲ.